ಪಕ್ಕದ ಮನೆಯ ವಂಶಾವಳಿ

ಮೊನ್ನೆ ಕಿಂಗ್ಸ್‌ಬರಿಯ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಟ್ರಾಲಿ ಎಳೆದುಕೊಂಡೆ. ಅದರ ತಳದಲ್ಲಿ ಯಾರೋ ಬಿಟ್ಟುಹೋಗಿದ್ದ ಚೀಟಿ ಬಿದ್ದಿತ್ತು. ಸಾಮಾನಿನ ಪಟ್ಟಿ. ಕ್ಯಾರೆಟ್, ಬಲ್ಬು, ಬೆಕ್ಕಿಗೆ ಮೀನು. ಕೊನೆಯಲ್ಲಿ ಕೆಳಗೆ ಎರಡು ಗೆರೆ ಎಳೆದು, ‘ಪಾಲೀನ್‌ಗೆ ಫೋನ್ ಮಾಡಬೇಕು, ಸಾರಿ ಹೇಳಬಾರದು.’ ಈರುಳ್ಳಿ ರಾಶಿಯ ಪಕ್ಕ ನಿಂತು ಆ ಚೀಟಿಯನ್ನು ಮೂರು ಸಲ ಓದಿದೆ. ಪಾಲೀನ್ ಯಾರು, ಅವಳೇನು ಮಾಡಿದಳು, ತಪ್ಪು ಯಾರದು ಎಂದು ಯೋಚಿಸುತ್ತ ಮನೆಗೆ ಬಂದರೆ, ಯಾವುದಕ್ಕೆಂದು ಹೋಗಿದ್ದೆನೋ ಆ ಕೊತ್ತಂಬರಿಯೇ ಮರೆತುಹೋಗಿತ್ತು.

ಬೇರೆಯವರ ಕೈಬರಹ ಕಂಡರೆ ಓದದೆ ಇರಲಾರೆ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು. ಆದರೆ ಮೂವತ್ತು ವರ್ಷ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತು ಡಾಕ್ಟರುಗಳ ಅಕ್ಷರ ಓದಿದವಳಿಂದ ನೀವು ಇನ್ನೇನು ನಿರೀಕ್ಷಿಸುತ್ತೀರಿ? ಇಂಗ್ಲಿಷ್ ಭಾಷೆಯನ್ನು ನಾನು ಕಲಿತದ್ದು ಧಾರವಾಡದಲ್ಲಿ, ಇಂಗ್ಲಿಷರ ಅಕ್ಷರ ಕಲಿತದ್ದು ಇಲ್ಲಿ, ಅವರ ದೇಶದ ಕಿಂಗ್ಸ್‌ಬರಿಯಲ್ಲಿ. ಎರೆಹುಳುವೊಂದು ಮಸಿಯಲ್ಲಿ ಬಿದ್ದು ಎದ್ದು ಕಾಗದದ ಮೇಲೆ ಹರಿದುಹೋದಂತೆ ಬರೆಯುತ್ತಿದ್ದ ಒಬ್ಬ ಡಾಕ್ಟರಿದ್ದರು. ಒಂದು ದಿನ ಅವರೇ ಫೋನ್ ಮಾಡಿ, “ಸುಧಾ, ನಿನ್ನೆ ಆ ಮುದುಕನಿಗೆ ನಾನು ಏನು ಬರೆದುಕೊಟ್ಟೆ?” ಎಂದು ಕೇಳಿದ್ದರು. ನನ್ನ ಜೀವನದಲ್ಲಿ ಸಿಕ್ಕ ಪ್ರಶಸ್ತಿ ಅದೊಂದೇ. ಆಮೇಲೆ ಎಲ್ಲವೂ ಕಂಪ್ಯೂಟರಿನಲ್ಲಿ ಬರತೊಡಗಿತು. ಸ್ಟೀಲಿನ ಪಾತ್ರೆ ಬಂದ ಮೇಲೆ ಊರೂರು ಅಲೆದ ಕಲಾಯಿಯವನ ಹಾಗೆ ನನ್ನ ವಿದ್ಯೆಯೂ ಕೆಲಸಕ್ಕೆ ಬಾರದ್ದಾಯಿತು. ನಾನೂ ನಿವೃತ್ತಳಾದೆ.

ಆ ವಿದ್ಯೆಗೆ ಮತ್ತೆ ಜೀವ ಕೊಟ್ಟವರು ಪಕ್ಕದ ಮನೆಯ ಡೋರೀನ್.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತಾರು ವರ್ಷಗಳಿಂದ ನಮ್ಮ ಒಗ್ಗರಣೆಯ ಸದ್ದು ಅವರಿಗೆ, ಅವರ ರೇಡಿಯೋ ಸದ್ದು ನಮಗೆ. ಅವರಿಗೀಗ ಎಂಬತ್ತನಾಲ್ಕು. ಕಾಲು ಗಟ್ಟಿ, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಕಣ್ಣು ಮಾತ್ರ ಹೋಗಿತ್ತು. ಪೂರ್ತಿ ಅಲ್ಲ. “ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ನಿನ್ನ ಎರಡೂ ಓಲೆ ಕಾಣುತ್ತಿವೆ, ಮೂಗು ಎಲ್ಲಿದೆಯೋ ದೇವರೇ ಬಲ್ಲ,” ಎನ್ನುತ್ತಿದ್ದರು. ಕಳೆದ ಚಳಿಗಾಲದ ಒಂದು ಬುಧವಾರ ಮಧ್ಯಾಹ್ನ ಅವರು ಒಂದು ದಪ್ಪ ಫೈಲು ಅಪ್ಪಿಕೊಂಡು ನಮ್ಮ ಬಾಗಿಲಿಗೆ ಬಂದರು.

“ನೀನು ಎಂಥ ಅಕ್ಷರವನ್ನಾದರೂ ಓದುತ್ತೀಯಂತೆ. ನಿನ್ನ ಗಂಡ ಹೇಳಿದ.”

“ಓದುತ್ತಿದ್ದೆ.”

“ಹಾಗಾದರೆ ಇದನ್ನು ಓದು. ನನಗೆ ನನ್ನ ಮುತ್ತಜ್ಜನ ಅಪ್ಪ ಬೇಕಾಗಿದ್ದಾನೆ.”

ಕಳೆದುಹೋದ ಕೊಡೆಯನ್ನು ಕೇಳುವ ಧಾಟಿಯಲ್ಲೇ ಕೇಳಿದರು.

ವಿಷಯ ಏನೆಂದರೆ, ಡೋರೀನರ ತಂದೆಯ ಕಡೆಯವರು ಸಫಕ್ ಸೀಮೆಯ ಒಂದು ಹಳ್ಳಿಯವರು. ಅಪ್ಪರ್ ಟಿಡ್ಲಿಂಗ್ ಎಂದು ಹೆಸರು. ಲೋಯರ್ ಟಿಡ್ಲಿಂಗ್ ಎಲ್ಲಿದೆಯೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಒಂದು ಚರ್ಚು, ಮೂವತ್ತೋ ನಲವತ್ತೋ ಮನೆ, ಸುತ್ತ ಗೋಧಿಯ ಹೊಲ. ಆ ಊರಿನಲ್ಲಿ ಹುಟ್ಟಿದವರು, ಮದುವೆಯಾದವರು, ಸತ್ತವರು ಎಲ್ಲರ ಹೆಸರನ್ನೂ ಅಲ್ಲಿಯ ಪಾದ್ರಿಗಳು ಚರ್ಚಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಟಗಳ ನಕಲನ್ನು ಡೋರೀನ್ ದೊಡ್ಡದಾಗಿ ಮುದ್ರಿಸಿ ತರಿಸಿದ್ದರು. ಆದರೂ ಕಂಡದ್ದು ಅಂಚು ಮಾತ್ರ. ಅವರ ಅಪ್ಪ ಚಿಕ್ಕಂದಿನಲ್ಲಿ ಅವರಿಗೆ ಹೇಳಿದ ಕಥೆ ಒಂದೇ ಒಂದು: ‘ನಮ್ಮ ಹಿರಿಯ ಥಾಮಸ್ ಸ್ಪರ್ಲಿಂಗ್ ಬಡಗಿ. ಟಿಡ್ಲಿಂಗಿನ ಚರ್ಚಿಗೆ ಬಾಗಿಲು ಮಾಡಿದವನು ಅವನು.’ ಥಾಮಸನ ಮಗ ಜೇಮ್ಸ್, ಡೋರೀನರ ಮುತ್ತಜ್ಜ. ಜೇಮ್ಸನವರೆಗೆ ಅವರು ಹೇಗೋ ತಲುಪಿದ್ದರು. ಇನ್ನೊಂದು ಮೆಟ್ಟಿಲು ಹತ್ತಿದರೆ ಥಾಮಸ್. ಆಮೇಲೆ ಊರಿಗೆ ಹೋಗಿ ಆ ಬಾಗಿಲನ್ನು ಮುಟ್ಟಿ ಬರಬೇಕು. ಇಷ್ಟೇ ಆಸೆ.

ಹೀಗೆ ನಮ್ಮ ಬುಧವಾರಗಳು ಶುರುವಾದವು. ಚಹಾ, ಅವಲಕ್ಕಿ, ಭೂತಗನ್ನಡಿ, ಟಿಡ್ಲಿಂಗ್. ಒಂದು ತಿಂಗಳಿನಲ್ಲಿ ನನಗೆ ಕಿಂಗ್ಸ್‌ಬರಿಯ ಜನರಿಗಿಂತ ಟಿಡ್ಲಿಂಗಿನ ಸತ್ತವರು ಹೆಚ್ಚು ಪರಿಚಿತರಾದರು. ಆ ಊರಿನಲ್ಲಿ ಹೆಸರಿಗೆ ಬರಗಾಲವಿತ್ತು. ಗಂಡಾದರೆ ಜಾನ್, ವಿಲಿಯಂ, ಜೇಮ್ಸ್, ಹೆಣ್ಣಾದರೆ ಮೇರಿ, ಸಾರಾ. ಒಂದೇ ವರ್ಷ ಮೂವರು ಜಾನ್ ಸ್ಪರ್ಲಿಂಗರು ಹುಟ್ಟಿ ನನ್ನ ತಲೆ ತಿಂದರು. ಪಾದ್ರಿಗಳ ಅಕ್ಷರವೂ ಗುರುತಾಗತೊಡಗಿತು. ಒಬ್ಬ ಚೆಂದದ ಅಕ್ಷರದವನು, ಒಬ್ಬ ಮಸಿ ಚೆಲ್ಲುವವನು, ಇನ್ನೊಬ್ಬ ‘ವೈ’ ಅಕ್ಷರದ ಬಾಲವನ್ನು ಕೆಳಗಿನ ಸಾಲಿನವರ ತಲೆಯ ಮೇಲೆ ಹೊಡೆಯುವಷ್ಟು ಉದ್ದ ಎಳೆಯುವವನು.

ನನ್ನ ಗಂಡ ಬಸವರಾಜ ವಿಜಯಪುರದವರು. ಪಾರ್ಕ್ ರಾಯಲ್‌ನ ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ. ಒಂದು ಬುಧವಾರ ಮನೆಗೆ ಬಂದು ಬೂಟು ಬಿಚ್ಚುತ್ತ, “ಏನ, ಇವತ್ತ ಎಷ್ಟು ಮಂದಿ ಹುಟ್ಟಿದ್ರು, ಎಷ್ಟು ಮಂದಿ ಸತ್ರು?” ಎಂದರು. “ನಿಮ್ಮ ಮುತ್ಯಾನ ಅಪ್ಪನ ಹೆಸರ ಕೇಳಿದ್ರ ನಿನಗ ಗೊತ್ತಿಲ್ಲ. ಮಂದಿ ಮುತ್ಯಾಗೋಳನ್ನ ಹುಡುಕ್ಕೋತ ಕುಂತೀ.”

ಮಾತು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ನಮ್ಮ ಮನೆಯ ವಂಶಾವಳಿ ನನಗೆ ಗೊತ್ತಿಲ್ಲ. ಅದು ಹೆಳವನಿಗೆ ಗೊತ್ತಿತ್ತು.

ಹೆಳವರನ್ನು ನೋಡಿದ್ದೀರಾ? ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕಾಳು ಪಡೆದು ಮುಂದಿನ ಮನೆಗೆ ಹೋಗುವವರು. ಧಾರವಾಡದ ಹತ್ತಿರದ ನಮ್ಮ ಊರಿಗೂ ಒಬ್ಬ ಬರುತ್ತಿದ್ದ. ಅವನು ಬಂದನೆಂದರೆ ನಮ್ಮ ಅಜ್ಜ ತಲೆಗೆ ಪಟಕಾ ಸುತ್ತಿಕೊಂಡು ಕಟ್ಟೆಯ ಮೇಲೆ ನೆಟ್ಟಗೆ ಕೂರುತ್ತಿದ್ದರು. ಒಂದು ಸಲ ಹೆಳವ ನಮ್ಮ ಹಿರಿಯನೊಬ್ಬ ಕುದುರೆಯೇರಿ ಹುಲಿ ಹೊಡೆದ ಕಥೆ ಹೇಳಿದ. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿ, ಅವನ ಬೆನ್ನು ಹತ್ತಿ ಮುಂದಿನ ಮನೆಗೂ ಹೋದೆವು. ಅಲ್ಲಿಯ ಹಿರಿಯನೂ ಕುದುರೆಯೇರಿ ಅದೇ ಹುಲಿಯನ್ನು ಹೊಡೆದ. ಮೂರನೆಯ ಮನೆಯವರು ಕಾಳು ಕಡಿಮೆ ಕೊಟ್ಟರೆಂದು ಕಾಣುತ್ತದೆ, ಅವರ ಹಿರಿಯ ನಡೆದುಕೊಂಡೇ ಹೋಗಿ ತೋಳ ಹೊಡೆದ.

ನಮ್ಮ ಗಂಗತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಒಮ್ಮೆ ಅಂದಿದ್ದಳು: “ಏ ಹೆಳವಪ್ಪ, ಹದಿನಾರು ತಲಿ ಎಣಿಸಿದಿ. ಒಬ್ಬಾಕಿನೂ ಹೆಣಮಗಳ ಹೆಸರ ಬರಲಿಲ್ಲ. ನಮ್ಮ ಮನ್ಯಾಗ ಗಂಡಸರ ಹೊಟ್ಟಿಲೇ ಗಂಡಸರು ಹುಟ್ಯಾರೇನು?” ಅಜ್ಜ ಕೆಮ್ಮಿದರು. ಹೆಳವ ಗಂಟೆ ಬಾರಿಸಿದ.

ಆ ಹೆಳವನ ಹುಲಿಯನ್ನು ನೆನೆದು ಎಷ್ಟೋ ವರ್ಷ ನಕ್ಕಿದ್ದೇನೆ. ಈಗ ಮುಂದೆ ಹೇಳುವುದನ್ನು ಕೇಳಿದರೆ ನೀವು ನನ್ನನ್ನು ನೋಡಿ ನಗಬಹುದು.

ಫೆಬ್ರವರಿಯ ಒಂದು ಬುಧವಾರ ಜೇಮ್ಸ್ ಸಿಕ್ಕ. ಅವನಿಗೆ ನಾಮಕರಣವಾದ ಪುಟ. ಬಾಲ ಎಳೆಯುವ ಪಾದ್ರಿಯ ಅಕ್ಷರ. ಮಗುವಿನ ಹೆಸರು ಜೇಮ್ಸ್. ಅದರ ಪಕ್ಕ ‘ಬೇಸ್ ಸನ್’ ಎಂದಿತ್ತು. ಬೇಸ್ ಎಂದರೆ ಬುನಾದಿ. ಹಿರಿಯ ಮಗನಿಗೆ ಹಾಗೆನ್ನುತ್ತಾರೇನೋ, ಎಷ್ಟು ಚೆಂದ, ಎಂದುಕೊಂಡೆ. ಮುಂದಕ್ಕೆ ಭೂತಗನ್ನಡಿ ಸರಿಸಿದೆ. ತಂದೆತಾಯಿಯ ಖಾನೆಯಲ್ಲಿ ಮೇರಿ ಸ್ಪರ್ಲಿಂಗ್ ಎಂಬ ಒಂದೇ ಹೆಸರು. ಅದರಾಚೆ ಉದ್ಯೋಗದ ಖಾನೆ. ಬೇರೆಯವರಿಗೆ ಅಲ್ಲಿ ಕೂಲಿ, ಕಮ್ಮಾರ, ಕುರುಬ ಎಂದೆಲ್ಲ ಇತ್ತು. ಮೇರಿಯ ಮುಂದೆ ‘ಸಿಂಗಲ್ ವುಮನ್’ ಎಂದು ಬರೆದಿದ್ದರು, ಅದೇ ಅವಳ ಕಸುಬು ಎಂಬಂತೆ.

ಆಗ ಬೇಸ್ ಎನ್ನುವುದರ ಅರ್ಥ ಹೊಳೆಯಿತು. ಮದುವೆಯಾಗದವಳ ಮಗ. ಥಾಮಸ್ ಇರಲಿಲ್ಲ. ಬಡಗಿ ಇರಲಿಲ್ಲ. ಬಾಗಿಲು ಇರಲಿಲ್ಲ.

“ಸಿಕ್ಕಿದನಾ?” ಡೋರೀನ್ ಕಪ್ಪು ಕೆಳಗಿಟ್ಟರು. ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಂಚಿನಿಂದ ನನ್ನನ್ನು ನೋಡುತ್ತಿದ್ದರು.

“ಜೇಮ್ಸ್ ಸಿಕ್ಕಿದ.”

“ಅಪ್ಪನ ಹೆಸರು?”

ಒಂದು ಕ್ಷಣ. ಅಷ್ಟೇ ಸಮಯವಿದ್ದದ್ದು. ಎಂಬತ್ತನಾಲ್ಕರ ವಯಸ್ಸಿನಲ್ಲಿ ಈ ಮಾತು ಕೇಳಿ ಇವರಿಗೆ ಆಗಬೇಕಾದ್ದೇನು, ಎಂದಿತು ನನ್ನ ಒಳಗಿನ ಧಾರವಾಡ.

“ಥಾಮಸ್,” ಎಂದೆ. “ಥಾಮಸ್ ಮತ್ತು ಮೇರಿ.”

“ಉದ್ಯೋಗ?”

“ಬಡಗಿ.”

ಅವರು ಕೈಯೆತ್ತಿ ಚಪ್ಪಾಳೆ ತಟ್ಟಿದರು. ಆಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಾನು ಅವಲಕ್ಕಿಗೆ ಇನ್ನಷ್ಟು ಶೇಂಗಾ ಹಾಕಿ ಕೊಟ್ಟೆ. ಒಂದು ಪುಣ್ಯದ ಕೆಲಸ ಮಾಡಿದೆ ಎಂಬ ನಂಬಿಕೆಯಿಂದಲೇ ಸಂಜೆ ಪಾತ್ರೆ ತೊಳೆದೆ.

ಸುಳ್ಳಿನ ತೊಂದರೆಯೇನೆಂದರೆ ಅದು ಕೂತಲ್ಲಿ ಕೂರುವುದಿಲ್ಲ. ಮುಂದಿನ ವಾರ ಡೋರೀನ್ ಬಂದು, “ಟಿಡ್ಲಿಂಗಿನ ಚರ್ಚಿಗೆ ಫೋನ್ ಮಾಡಿದೆ,” ಎಂದರು. ಅಲ್ಲಿಯ ಚರ್ಚಿನ ಉಸ್ತುವಾರಿ ನೋಡುವವರು ಕಾಲಿನ್ ಎಂಬ ರೈತ. “ಒಳ್ಳೆಯವನು. ಥಾಮಸನ ಗೋರಿ ಹುಡುಕೋಣ, ಬನ್ನಿ ಅಂದ. ಏಪ್ರಿಲ್‌ನಲ್ಲಿ ಹೋಗೋಣವಾ? ನನ್ನ ತೋಟದ ಡ್ಯಾಫೊಡಿಲ್ ಅಷ್ಟು ಹೊತ್ತಿಗೆ ಅರಳಿರುತ್ತವೆ. ಥಾಮಸನಿಗೆ ಒಯ್ಯಬೇಕು.”

ಬಸವರಾಜರಿಗೆ ಹೇಳದೆ ವಿಧಿಯಿರಲಿಲ್ಲ, ಕಾರು ಓಡಿಸುವವರು ಅವರೇ. ಎಲ್ಲ ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು.

“ಅಲ್ಲ, ಇಲ್ಲದ ಮನಶ್ಯಾಗ ಗೋರಿ ಎಲ್ಲಿಂದ ತರ್ತಿ? ಪಾರ್ಕ್ ರಾಯಲ್‌ನಾಗ ಹೇಳಿ ಮಾಡಿಸ್ಕೊಂಡ ಬರ್ಲ್ಯಾ?”

“ಚೇಷ್ಟಿ ಬ್ಯಾಡ್ರಿ. ಏನ ಮಾಡ್ಲಿ, ಅದನ್ನ ಹೇಳ್ರಿ.”

“ಏನ ಮಾಡ್ತಿ? ಖರೇ ಹೇಳು. ಆಕಿ ಹಂಗ ಸೋಲು ಹೆಣಮಗಳಲ್ಲ.”

ಕೊಲಿಂಡೇಲ್‌ನ ಫ್ಲಾಟಿನಲ್ಲಿರುವ ಮಗಳು ಅನಘಾಗೆ ಫೋನ್ ಮಾಡಿದೆ. ಅವಳಿಗೆ ನಾನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಮೂರೇ ಪದ ಉತ್ತರ ಕೊಟ್ಟಳು: “ಅಮ್ಮಾ, ಟೆಲ್ ಹರ್.” ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಏಳೆಂಟು ಬುಧವಾರ ನಾನು ಬಾಯಿ ತೆರೆದೆ, ಏಳೆಂಟು ಬುಧವಾರವೂ ಅದರೊಳಗೆ ಅವಲಕ್ಕಿ ಹಾಕಿಕೊಂಡು ಮುಚ್ಚಿದೆ.

ಏಪ್ರಿಲ್ ಬಂತು. ಡೋರೀನ್ ನೀಲಿ ಕೋಟು ಹಾಕಿ, ಡ್ಯಾಫೊಡಿಲ್‌ಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಹಿಡಿದು ಕಾರು ಹತ್ತಿದರು. ದಾರಿಯುದ್ದಕ್ಕೂ ಬಡಗಿಗಳ ಬಗ್ಗೆ ಮಾತು. ಅವರ ಅಣ್ಣನೂ ಕೈಕೆಲಸದಲ್ಲಿ ಚುರುಕಾಗಿದ್ದನಂತೆ, ರಕ್ತದಲ್ಲೇ ಬಂದದ್ದಂತೆ. ಬಸವರಾಜ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಹೊರಗೆ ಹೊಲ ನೋಡಿದೆ.

ಟಿಡ್ಲಿಂಗಿನ ಚರ್ಚು ಚಿಕ್ಕದು. ಕಲ್ಲಿನ ಗೋಡೆ, ಮೊಂಡು ಗೋಪುರ, ಸುತ್ತ ಹುಲ್ಲಿನಲ್ಲಿ ವಾಲಿಕೊಂಡ ಗೋರಿಕಲ್ಲುಗಳು. ಕಾಲಿನ್ ಬೂಟಿಗೆ ಮೆತ್ತಿದ ಕೆಸರಿನ ಸಮೇತ ಬಂದು ಕೈಕುಲುಕಿದರು. ಡೋರೀನ್ ನೇರ ಬಾಗಿಲಿಗೆ ಹೋದರು. ಕೈಚೀಲ ಕೆಳಗಿಟ್ಟು, ಎರಡೂ ಅಂಗೈ ಚಾಚಿ ಆ ಮರವನ್ನು ಮೇಲಿನಿಂದ ಕೆಳಗೆ ಸವರಿದರು. ಮೊಳೆಯ ತಲೆಗಳನ್ನು ಒಂದೊಂದಾಗಿ ಮುಟ್ಟಿದರು.

“ಒಳ್ಳೆಯ ಬಾಗಿಲು, ಅಲ್ಲವಾ?” ಎಂದರು ಕಾಲಿನ್. “ಓಕ್ ಮರದ್ದು. ಐನೂರು ವರ್ಷ ಆಗಿದೆ ಅಂತಾರೆ.”

ಡೋರೀನರ ಕೈ ನಿಂತಿತು. ಲೆಕ್ಕ ಅವರಿಗೂ ಬರುತ್ತದೆ. ಥಾಮಸ್ ಇದ್ದಿದ್ದರೂ ಇನ್ನೂರು ವರ್ಷದ ಹಿಂದಿನವನು.

“ಹಾಗಾದರೆ ಅವನು ರಿಪೇರಿ ಮಾಡಿರಬೇಕು,” ಎಂದರು ಮೆಲ್ಲಗೆ. “ಕೀಲು ಬದಲಿಸಿರಬೇಕು. ಅದೂ ಬಡಗಿಯ ಕೆಲಸವೇ.”

ನಂತರ ಗೋರಿಗಳ ಸಾಲು. ಅವರು ನನ್ನ ತೋಳು ಹಿಡಿದುಕೊಂಡು ಒಂದೊಂದು ಕಲ್ಲಿನ ಮುಂದೆ ನಿಂತು, ಬೆರಳಿನಿಂದ ಪಾಚಿ ಕೆರೆದು, “ಇದು ಥಾಮಸನದಾ?” ಎಂದು ಕೇಳುತ್ತಿದ್ದರು. ಅಲ್ಲ, ಇದು ವಿಲಿಯಂ. ಅಲ್ಲ, ಇದು ಜಾನ್. ಮತ್ತೊಬ್ಬ ಜಾನ್. ಅವರ ಹೆಜ್ಜೆ ನಿಧಾನವಾಗುತ್ತಿತ್ತು. ಒಂಬತ್ತನೆಯದೋ ಹತ್ತನೆಯದೋ ಕಲ್ಲಿನ ಮುಂದೆ ನನಗೆ ತಡೆಯಲಾಗಲಿಲ್ಲ.

“ಡೋರೀನ್, ಥಾಮಸ್ ಇಲ್ಲ.”

“ಈ ಸಾಲಿನಲ್ಲಿ ಇಲ್ಲದಿದ್ದರೆ ಆ ಕಡೆ ನೋಡೋಣ.”

“ಯಾವ ಸಾಲಿನಲ್ಲೂ ಇಲ್ಲ. ಪುಸ್ತಕದಲ್ಲೇ ಇರಲಿಲ್ಲ. ನಾನು ಸೇರಿಸಿದೆ.”

ಅವರು ತೋಳು ಬಿಟ್ಟರು. ಎತ್ತರದ ಮರಗಳಲ್ಲಿ ಕಾಗೆಗಳು ದೊಡ್ಡ ಸಭೆ ನಡೆಸಿದ್ದವು.

“ಅಲ್ಲಿ ಏನು ಬರೆದಿತ್ತು? ಇದ್ದದ್ದನ್ನು ಇದ್ದ ಹಾಗೆ ಹೇಳು.”

ಹೇಳಿದೆ. ಬೇಸ್ ಸನ್. ಮೇರಿ ಸ್ಪರ್ಲಿಂಗ್. ಸಿಂಗಲ್ ವುಮನ್. ಅಪ್ಪನ ಹೆಸರಿಲ್ಲ. ಎರಡು ತಿಂಗಳಿಂದ ಅದು ನನಗೆ ಬಾಯಿಪಾಠವಾಗಿತ್ತು.

ಅತ್ತುಬಿಡುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಕೆನ್ನೆ ಕೆಂಪಾಯಿತು.

“ನನ್ನನ್ನು ಏನೆಂದುಕೊಂಡೆ ನೀನು? ಇದನ್ನು ಕೇಳಿದರೆ ಗಾಜಿನ ಹಾಗೆ ಒಡೆದುಹೋಗುತ್ತೇನೆ ಅಂತಲಾ? ನಾನು ಯುದ್ಧ ನಡೆಯುತ್ತಿದ್ದಾಗ ಹುಟ್ಟಿದವಳು. ನನ್ನ ಕಣ್ಣಿಗೆ ನಡುವಿನದು ಕಾಣುವುದಿಲ್ಲ, ಅದಕ್ಕೇ ನಿನ್ನ ಹತ್ತಿರ ಬಂದೆ. ನೀನೂ ನನಗೆ ಅಂಚು ಮಾತ್ರ ತೋರಿಸಿದೆ, ಸುಧಾ.”

ಬಸವರಾಜ ದೂರದಲ್ಲಿ ಒಂದು ಗೋರಿಯನ್ನು ಅತ್ಯಂತ ಆಸಕ್ತಿಯಿಂದ ಓದುವಂತೆ ನಟಿಸುತ್ತಿದ್ದರು. ನಮ್ಮನ್ನು ಈ ಪೇಚಿನಿಂದ ಪಾರು ಮಾಡಿದವರು ಕಾಲಿನ್. ಏನೋ ಎಡವಟ್ಟಾಗಿದೆಯೆಂದು ಅವರಿಗೂ ಗೊತ್ತಾಗಿತ್ತು. “ಜೇಮ್ಸ್ ಸ್ಪರ್ಲಿಂಗನ ಮದುವೆ ಇಲ್ಲೇ ಆಗಿದ್ದರೆ ಅದರ ಪುಸ್ತಕ ಒಳಗಿದೆ,” ಎಂದರು. “ನಮ್ಮಲ್ಲಿ ಮದುವೆಗಳೇ ಕಡಿಮೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ತೆರೆದ ಪುಸ್ತಕ ಮೊನ್ನೆ ಮೊನ್ನೆಯವರೆಗೂ ಮುಗಿದಿರಲಿಲ್ಲ. ನನ್ನ ಮದುವೆಯೂ ಅದರಲ್ಲೇ ಇದೆ.”

ಚರ್ಚಿನ ಪಕ್ಕದ ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ ತೆರೆದು, ಹಸಿರು ರಟ್ಟಿನ ಅಗಲವಾದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಪುಟ ಹುಡುಕಿ, ಓದಲು ಕನ್ನಡಕಕ್ಕೆ ಕೈಹಾಕಿದರು.

“ಬೇಡ,” ಎಂದರು ಡೋರೀನ್. “ಇವಳು ಓದಲಿ. ಇವಳಿಗೆ ಓದಲು ಬರುತ್ತದೆ, ಮನಸ್ಸಾದಾಗ.”

ನಾನು ಬಗ್ಗಿದೆ. ನಕಲಲ್ಲ, ನಿಜವಾದ ಮಸಿ, ಕಂದು ಬಣ್ಣಕ್ಕೆ ತಿರುಗಿತ್ತು. ಒಂದೊಂದೇ ಪದ ಓದಿದೆ. ಮದುಮಗ ಜೇಮ್ಸ್ ಸ್ಪರ್ಲಿಂಗ್. ಕೂಲಿ. ಅಪ್ಪನ ಹೆಸರು... ಆ ಸಾಲನ್ನು ಇನ್ನೊಮ್ಮೆ ಓದಿಕೊಂಡೆ.

“ಅಪ್ಪನ ಹೆಸರು ಥಾಮಸ್ ಸ್ಪರ್ಲಿಂಗ್. ಬಡಗಿ.”

“ಮತ್ತೆ ಶುರು ಮಾಡಿದೆಯಾ!” ಡೋರೀನ್ ಮೇಜು ಕುಟ್ಟಿದರು.

“ಇಲ್ಲ, ಆಣೆ, ಹಾಗೇ ಬರೆದಿದೆ! ಕಾಲಿನ್, ನೀವೇ ನೋಡಿ!”

ಕಾಲಿನ್ ಕನ್ನಡಕ ಹಾಕಿಕೊಂಡು ನೋಡಿದರು. “ಹೌದು, ಥಾಮಸ್. ಬಡಗಿ,” ಎಂದರು. ಆಮೇಲೆ ಕಿವಿ ಕೆರೆದುಕೊಂಡು ವಿವರಿಸಿದರು. ಅಪ್ಪನಿಲ್ಲದ ಮಕ್ಕಳು ಮದುವೆಯ ದಿನ ಹೆಣ್ಣಿನ ಕಡೆಯವರ ಮುಂದೆ ಖಾನೆ ಖಾಲಿ ಬಿಡಲು ನಾಚಿ ಒಂದು ಹೆಸರು ಹೇಳಿಬಿಡುತ್ತಿದ್ದರಂತೆ. ಹಳ್ಳಿಗಳಲ್ಲಿ ಇದು ಹೊಸದೇನಲ್ಲವಂತೆ.

ಅಂದರೆ ಥಾಮಸನನ್ನು ಸೃಷ್ಟಿಸಿದವಳು ನಾನಲ್ಲ. ನನಗಿಂತ ಎಷ್ಟೋ ಮುಂಚೆ ಜೇಮ್ಸನೇ ಅವನನ್ನು ಕೆತ್ತಿ ನಿಲ್ಲಿಸಿದ್ದ. ಡೋರೀನರ ಅಪ್ಪನಿಗೆ ಬಂದ ಕಥೆ ಅದೇ.

“ಕೆಳಗೆ ಏನಿದೆ?” ಡೋರೀನರ ದನಿ ಬದಲಾಗಿತ್ತು.

ಕೆಳಗೆ ಸಹಿಗಳಿದ್ದವು. ಅಕ್ಷರ ಬಾರದ ಮದುಮಗಳು ಶಿಲುಬೆಯ ಗುರುತು ಹಾಕಿದ್ದಳು. ಸಾಕ್ಷಿಗಳ ಜಾಗದಲ್ಲಿ ಒಂದು ಸಹಿ. ಅಕ್ಷರ ದೊಡ್ಡ ದೊಡ್ಡದು, ಒಂದೊಂದನ್ನೂ ಬೇರೆ ಬೇರೆ ದಿನ ಕಲಿತಂತೆ. ನಡುವೆ ಒಂದು ಕಡೆ ಲೇಖನಿ ಕಾಗದವನ್ನು ಚುಚ್ಚಿ ಹರಿದಿತ್ತು. ಮೇರಿ ಸ್ಪರ್ಲಿಂಗ್.

“ಅವಳು ಅಲ್ಲೇ ಇದ್ದಳಾ? ಇಲ್ಲದ ಅಪ್ಪನ ಹೆಸರನ್ನು ಮಗ ಹೇಳುವಾಗ?”

“ಇದ್ದಳು. ಕೇಳಿಸಿಕೊಂಡು, ಕೆಳಗೆ ಸಹಿ ಹಾಕಿದ್ದಾಳೆ. ಇನ್ನೊಂದು ವಿಷಯ, ಡೋರೀನ್. ಬರೆದ ಪಾದ್ರಿಯೂ ಅವನೇ, ‘ವೈ’ ಬಾಲ ಎಳೆಯುವವನು. ಜೇಮ್ಸ್ ಹುಟ್ಟಿದಾಗ ‘ಬೇಸ್ ಸನ್’ ಎಂದು ಬರೆದವನೇ ಈಗ ತುಟಿಪಿಟಕ್ಕೆನ್ನದೆ ‘ಬಡಗಿ’ ಎಂದು ಬರೆದಿದ್ದಾನೆ.”

ಡೋರೀನ್ ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಯುವಂತೆ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. “ಮೂವರೂ ಸೇರಿ! ಚರ್ಚಿನೊಳಗೆ, ದೇವರ ಎದುರಿಗೆ!” ಎಂದರು. ನನ್ನ ಕೈಹಿಡಿದು, “ಅವಳ ಹೆಸರಿನ ಮೇಲೆ ನನ್ನ ಬೆರಳು ಇಡು,” ಎಂದರು. ಇಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ.

ಮೇರಿಗೆ ಗೋರಿಕಲ್ಲಿಲ್ಲ. ಬಡವರನ್ನೆಲ್ಲ ಚರ್ಚಿನ ಉತ್ತರಕ್ಕೆ, ನೆರಳಿನ ಕಡೆ ಹೂಳುತ್ತಿದ್ದರಂತೆ. “ಇಲ್ಲೇ ಎಲ್ಲೋ,” ಎಂದು ಕಾಲಿನ್ ಹುಲ್ಲಿನತ್ತ ಕೈಮಾಡಿದರು. “ಎಲ್ಲೋ ಅಂದರೆ ಸಾಕು,” ಎಂದ ಡೋರೀನ್, ಕಾಗದ ಬಿಚ್ಚಿ ಡ್ಯಾಫೊಡಿಲ್‌ಗಳನ್ನು ಒಂದೇ ಕಡೆ ಇಡದೆ, ನಡೆಯುತ್ತ ನಡೆಯುತ್ತ ಒಂದೊಂದಾಗಿ ಹಾಕಿಕೊಂಡು ಹೋದರು.

ವಾಪಸ್ ಬರುವಾಗ ನಾನು ಕಟ್ಟಿ ತಂದಿದ್ದ ಚಪಾತಿ ಎರಡು ತಿಂದರು, ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡರು. ಆದರೆ ದಾರಿಯುದ್ದಕ್ಕೂ ಮಾತಾಡಿದ್ದು ಬಸವರಾಜರ ಜತೆ ಮಾತ್ರ. ಮನೆಯ ಮುಂದೆ ಇಳಿದಾಗ ನಾನು, “ಕ್ಷಮಿಸಿಬಿಡಿ,” ಎಂದೆ. “ಆ ಪಾದ್ರಿಯನ್ನು ಕ್ಷಮಿಸಿದ್ದೇನೆ. ನಿನ್ನ ವಿಷಯ ಯೋಚನೆ ಮಾಡುತ್ತೇನೆ,” ಎಂದು ಬಾಗಿಲು ಹಾಕಿಕೊಂಡರು.

ಮುಂದಿನ ಬುಧವಾರ ಬರಲಿಲ್ಲ. ಅವಲಕ್ಕಿ ನಾವಿಬ್ಬರೇ ತಿಂದೆವು. ಗೋಡೆಯಾಚೆ ರೇಡಿಯೋ ಮಾತ್ರ ಕೇಳಿಸುತ್ತಿತ್ತು. ಅದರ ಮುಂದಿನ ಬುಧವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಡೋರೀನ್, ಅಪ್ಪಿಕೊಂಡ ಫೈಲು.

“ನಿನ್ನನ್ನು ಕೆಲಸದಿಂದ ತೆಗೆದುಹಾಕೋಣ ಅಂತಿದ್ದೆ,” ಎಂದರು ಒಳಗೆ ಬರುತ್ತ. “ಕಂಪ್ಯೂಟರಿನ ಹತ್ತಿರ ಓದಿಸಿ ನೋಡಿದೆ. ಮೇರಿ ಸ್ಪರ್ಲಿಂಗ್ ಅನ್ನುವುದನ್ನು ಅದು ‘ಮೆರಿ ಸ್ಟಾರ್ಲಿಂಗ್’ ಅಂತ ಓದಿತು. ನಮ್ಮ ಮನೆಯವರು ಸ್ಟಾರ್ಲಿಂಗ್ ಹಕ್ಕಿಗಳಲ್ಲ. ಚಹಾ ಇಡು. ಇವತ್ತು ಮೇರಿಯ ಅಪ್ಪನನ್ನು ಹುಡುಕಬೇಕು. ನಿಜವಾದವನನ್ನು.”

ಮೇರಿಯ ನಾಮಕರಣದ ಪುಟದಲ್ಲಿ ಅವನ ಹೆಸರಿತ್ತು, ರಾಬರ್ಟ್. ಅವನನ್ನು ಹೂಳಿದ ದಿನದ ಪುಟ ಸಿಕ್ಕಿತು. ಅದೇ ಬಾಲದ ಪಾದ್ರಿ. ಹೆಸರು, ಊರು, ವಯಸ್ಸು ಬರೆದು ಸುಮ್ಮನಾಗುವ ಬದಲು ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಗೀಚಿದ್ದ. ಭೂತಗನ್ನಡಿ ಹಿಡಿದು ನೋಡಿದೆ.

“ಓದುವುದನ್ನು ನಿಲ್ಲಿಸಿದೆ ನೀನು,” ಎಂದರು ಡೋರೀನ್.

“ಉಸಿರು ತೆಗೆದುಕೊಂಡೆ.”

“ತೆಗೆದುಕೊಂಡಾಯಿತಲ್ಲ. ಓದು.”

ಓದಿದೆ. ‘ಜಗಳಗಂಟ. ಮಗಳೊಬ್ಬಳನ್ನು ಬಿಟ್ಟು ಊರಿನಲ್ಲಿ ಯಾರೊಂದಿಗೂ ಸರಿಯಿರಲಿಲ್ಲ. ನಾನು ಬರೆದ ಒಂದು ಪದಕ್ಕಾಗಿ ಹನ್ನೆರಡು ವರ್ಷ ನನ್ನೊಡನೆ ಮಾತಾಡಲಿಲ್ಲ.’

ನಾನು ಹಳೆಯ ಪುಟ ತೆಗೆದು ಎರಡೂ ತಾರೀಖುಗಳನ್ನು ಎಣಿಸಿದೆ.

“ಜೇಮ್ಸನ ನಾಮಕರಣವಾಗಿ ಹನ್ನೆರಡು ವರ್ಷಕ್ಕೆ ರಾಬರ್ಟ್ ಸತ್ತದ್ದು. ಆ ಒಂದು ಪದ ಎಂದರೆ...”

“ಗೊತ್ತಾಯಿತು,” ಎಂದರು ಡೋರೀನ್.

ಚಹಾ ಆರುತ್ತಿತ್ತು. ಅವರ ಮುಖದ ಮೇಲೆ ನಿಧಾನವಾಗಿ ನಗೆ ಮೂಡಿತು, ಬಸ್‌ಸ್ಟಾಪಿನಲ್ಲಿ ಅನಿರೀಕ್ಷಿತವಾಗಿ ತಮ್ಮವರೊಬ್ಬರು ಸಿಕ್ಕ ಹಾಗೆ.

“ಓ, ಅಪ್ಪಾ!” ಎಂದರು.

ಆಮೇಲೆ ನನ್ನತ್ತ ತಿರುಗಿದರು. “ಶಾಲೆಯಲ್ಲಿ ಒಬ್ಬ ಮೇಷ್ಟ್ರು ನನ್ನನ್ನು ದಡ್ಡಿ ಅಂದಿದ್ದರು. ಆರು ವರ್ಷದವಳು ನಾನು. ಅವರ ಮನೆ ನಮ್ಮ ಬೀದಿಯಲ್ಲೇ. ನಮ್ಮಪ್ಪ ಸಾಯುವವರೆಗೂ ಅವರಿಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ. ಎದುರಿಗೆ ಬಂದರೆ ಟೋಪಿ ತೆಗೆಯುವ ಬದಲು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದ. ನಮಗೆಲ್ಲ ನಾಚಿಕೆಯಾಗುತ್ತಿತ್ತು.”

ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ನಾನು ಅಡುಗೆಮನೆಯ ಟವೆಲ್ ಕೊಟ್ಟೆ. ಮುಖ ಒರೆಸಿಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಚೆನ್ನಾಗಿ ಕೇಳಿಸಲೆಂದು ತಲೆ ಬಾಗಿಸಿ ಕೂತರು.

“ಮತ್ತೊಮ್ಮೆ ಓದು,” ಎಂದರು. “ಜಗಳಗಂಟ ಅನ್ನುವಲ್ಲಿಂದ.”